ಕೊಡಚಾದ್ರಿಗೆ ಜೀಪು ಹತ್ತಿದ ಕಥೆ

ಬೆಳಿಗ್ಗೆ ಆರೂವರೆಗೆ ಕೊಲ್ಲೂರಿನಲ್ಲಿ ಬಸ್ಸಿಳಿದರೆ ಜೀಪಿನವರ ಕೂಗು ಎದುರುಗೊಳ್ಳುತ್ತದೆ. “ಕುಡಜಾದ್ರಿ, ಕುಡಜಾದ್ರಿ, ಎರಡೇ ಸೀಟು!” ಕೂಗುವವರು ಅಪ್ಪಟ ಕುಂದಾಪ್ರ ಕನ್ನಡದ ಹುಡುಗರು. ಮನೆಯಲ್ಲಿ ಅವರಿಗೆ ಆ ಬೆಟ್ಟ ಕೊಡಚಾದ್ರಿಯೇ. ಸ್ಟ್ಯಾಂಡಿಗೆ ಬಂದ ಕೂಡಲೇ ಹೆಸರು ಮಲಯಾಳದ್ದಾಗುತ್ತದೆ. ನಮ್ಮ ಬೆಟ್ಟದ ಹೆಸರನ್ನು ನಮ್ಮ ಹುಡುಗರು ಮಲಯಾಳದಲ್ಲಿ ಯಾಕೆ ಕೂಗುತ್ತಾರೆ ಎಂದು ಕೇಳುತ್ತ ಹೋದರೆ ಈ ಜೀಪು ಪ್ರಯಾಣ ಹುಟ್ಟಿದ ಕಥೆ ಬಿಚ್ಚಿಕೊಳ್ಳುತ್ತದೆ.

ಇದು ಯಾವ ಪ್ರವಾಸಿ ಕಂಪನಿಯೂ ಕೂತು ಯೋಜನೆ ಹಾಕಿ ಶುರು ಮಾಡಿದ್ದಲ್ಲ. ಎಂಟು ಜನ ಜೀಪಿನಲ್ಲಿ ಒತ್ತಿಕೊಂಡು ಕೂರುತ್ತಾರೆ. ಡ್ರೈವರೇ ಗೈಡು. ನಾಗೋಡಿ ಘಾಟಿ ಹತ್ತಿ, ನಿಟ್ಟೂರಿನ ಕಡೆಯಿಂದ ಸುತ್ತು ಹಾಕಿ, ಕಟ್ಟಿನಹೊಳೆ ದಾಟಿ, ಸುಮಾರು ನಲವತ್ತು ಕಿಲೋಮೀಟರ್ ಹೋದ ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ ಇಳಿಸುತ್ತಾನೆ. ಕೊಲ್ಲೂರಿನಿಂದ ಕಣ್ಣಿಗೆ ಕಾಣುವ ಬೆಟ್ಟವೇ ಅದು. ಹಕ್ಕಿಯಾದರೆ ನೇರ ಹಾರಿ ಹೋದೀತು. ಚಕ್ರದ ಮೇಲೆ ಹೋಗಬೇಕಾದವರು ಉಡುಪಿ ಜಿಲ್ಲೆ ಬಿಟ್ಟು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಹೋಗಿ, ಬೆಟ್ಟದ ಬೆನ್ನಿನ ಕಡೆಯಿಂದ ಏರಬೇಕು.

ಮೊದಲು ಹೆಸರಿನ ವಿಚಾರ ಹೇಳಿಬಿಡುತ್ತೇನೆ. ಕುಟಜ ಎಂದರೆ ನಮ್ಮ ಕೊಡಸಿಗೆ ಗಿಡ. ಕುಟಜಗಳ ಅದ್ರಿ ಕನ್ನಡದ ಬಾಯಲ್ಲಿ ಕೊಡಚಾದ್ರಿ ಆಯಿತು, ಮಲಯಾಳದ ಬಾಯಲ್ಲಿ ಕುಡಜಾದ್ರಿ. ಬಿಳಿ ಹೂವಿನ ಈ ಗಿಡದ ತೊಗಟೆ ಆಯುರ್ವೇದದಲ್ಲಿ ಹೊಟ್ಟೆಯ ಕಾಯಿಲೆಗೆ ಮದ್ದು. ಒಣಗಿಸಿಟ್ಟ ಹೂವಿನಿಂದ ಮಲೆನಾಡಿನ ಮನೆಗಳಲ್ಲಿ ತಂಬುಳಿ ಮಾಡುತ್ತಾರೆ. ಅಂದರೆ ಬೆಟ್ಟದ ಹೆಸರು ಅಡುಗೆಮನೆಯ ಡಬ್ಬಿಯಲ್ಲೂ ಇದೆ.

ಕೇರಳದವರಿಗೂ ಈ ಬೆಟ್ಟಕ್ಕೂ ಇರುವ ನಂಟನ್ನು ಐತಿಹ್ಯ ಹೀಗೆ ಹೇಳುತ್ತದೆ. ಕೊಡಚಾದ್ರಿಯಲ್ಲಿ ತಪಸ್ಸು ಮಾಡಿದ ಶಂಕರಾಚಾರ್ಯರಿಗೆ ದೇವಿ ಪ್ರತ್ಯಕ್ಷಳಾದಳು. ತಮ್ಮ ನಾಡಾದ ಕೇರಳಕ್ಕೆ ಬರಬೇಕೆಂದು ಅವರು ಬೇಡಿಕೊಂಡರು. ಹಿಂತಿರುಗಿ ನೋಡದೆ ಮುಂದೆ ನಡೆಯಬೇಕು, ನೋಡಿದಲ್ಲಿ ನಿಂತುಬಿಡುತ್ತೇನೆ ಎಂದು ದೇವಿ ಷರತ್ತು ಹಾಕಿದಳು. ಗೆಜ್ಜೆಯ ಸದ್ದು ಕೇಳುತ್ತ ಅವರು ನಡೆದರು. ಕೊಲ್ಲೂರಿನಲ್ಲಿ ಸದ್ದು ನಿಂತಿತು. ಅವರು ತಿರುಗಿ ನೋಡಿದರು, ದೇವಿ ಅಲ್ಲೇ ನೆಲೆಯಾದಳು. ಕೇರಳಕ್ಕೆ ಹೊರಟ ತಾಯಿ ನಡುದಾರಿಯಲ್ಲಿ ಉಳಿದಿದ್ದಾಳೆ, ಹಾಗಾಗಿ ನಾವೇ ಬಂದು ನೋಡಬೇಕು ಎಂಬ ಭಾವ ಅಲ್ಲಿನ ಭಕ್ತರಲ್ಲಿ ಇಂದಿಗೂ ಗಟ್ಟಿಯಾಗಿದೆ. ವಿಜಯದಶಮಿಯಂದು ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಅವರು ಸಾಲುಗಟ್ಟಿ ಬರುತ್ತಾರೆ. ಗಾಯಕ ಯೇಸುದಾಸ್ ತಮ್ಮ ಹುಟ್ಟಿದ ದಿನವಾದ ಜನವರಿ 10ರಂದು ಇಲ್ಲಿ ಬಂದು ಹಾಡುವ ಪದ್ಧತಿಯನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದವರು. ಎಂ.ಟಿ. ವಾಸುದೇವನ್ ನಾಯರ್ ಅವರ ‘ವಾನಪ್ರಸ್ಥಂ’ ಕಥೆ ನಡೆಯುವುದು ಕೊಲ್ಲೂರು, ಕುಡಜಾದ್ರಿಯ ಆವರಣದಲ್ಲೇ. ಮಲಯಾಳದ ಸಿನಿಮಾ ಹಾಡುಗಳಲ್ಲೂ ಈ ಬೆಟ್ಟದ ಹೆಸರು ಸೇರಿಕೊಂಡಿದೆ. ಒಂದು ಭಾಷೆಯ ಕಥೆ ಮತ್ತು ಹಾಡು ಇನ್ನೊಂದು ಭಾಷೆಯ ನಾಡಿನ ಬೆಟ್ಟಕ್ಕೆ ಇಷ್ಟು ಜನರನ್ನು ಕರೆತಂದ ಬೇರೆ ಉದಾಹರಣೆ ನನಗೆ ತೋಚುತ್ತಿಲ್ಲ.

ಆ ಜನ ಮೊದಲು ನಡೆದೇ ಹೋಗುತ್ತಿದ್ದರು. ಶಿವಮೊಗ್ಗದ ಬಸ್ಸು ಹತ್ತಿ ಘಾಟಿಯಲ್ಲಿ ಇಳಿದು, ಕಾಡೊಳಗಿನ ದಾರಿ ಹಿಡಿದು, ವಳೂರಿನ ಮೇಲೆ ಹಾದು ಏರುವುದು ವಾಡಿಕೆ. ನಾನು ಮೊದಲ ಸಲ ಹೋದದ್ದೂ ಹಾಗೇ, ಕಾಲೇಜಿನ ದಿನಗಳಲ್ಲಿ. ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡಿದ್ದೆವು, ಆದರೂ ಉಂಬಳ ಬಿಡಲಿಲ್ಲ. ಮೇಲೆ ಅರ್ಚಕರ ಮನೆಯ ಜಗಲಿಯಲ್ಲಿ ಕೂತು ಸಾಕ್ಸ್ ತೆಗೆದಾಗ ಅದು ರಕ್ತದಲ್ಲಿ ನೆನೆದಿತ್ತು. ಆ ಮನೆಯ ಅಮ್ಮ ಒಂದು ಮಾತೂ ಆಡದೆ ಸುಣ್ಣದ ಡಬ್ಬಿ ತಂದಿಟ್ಟರು. ನಂತರ ಬಿಸಿ ಅನ್ನ, ಸಾರು, ಮಜ್ಜಿಗೆ ಬಂತು. ಅಂಥ ಊಟವನ್ನು ನಾನು ಮತ್ತೆ ಉಂಡಿಲ್ಲ.

ಜೀಪು ಮಲೆನಾಡಿಗೆ ಬಂದದ್ದು ದೇವರಿಗಾಗಿ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆಂದು ತಯಾರಾದ ವಿಲ್ಲಿಸ್ ಜೀಪನ್ನು ಯುದ್ಧ ಮುಗಿದ ಮೇಲೆ ಮಹೀಂದ್ರಾದವರು ಮುಂಬೈಯಲ್ಲಿ ಜೋಡಿಸತೊಡಗಿದರು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹಾಯಿಸುವ ಗಾಡಿ ಅಂದರೆ ಕಾಡಿಗೆ, ತೋಟಕ್ಕೆ, ಸರ್ವೆಗೆ ಬೇಕಾದದ್ದು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿಯಿತು. ಆಮೇಲೆ ಚಕ್ರಾ, ಸಾವೆಹಕ್ಲು, ವಾರಾಹಿ ಎಂದು ಒಂದರ ಹಿಂದೊಂದು ಯೋಜನೆಗಳು ಈ ಸುತ್ತಿಗೇ ಬಂದವು. ಎಂಜಿನಿಯರುಗಳು, ಅರಣ್ಯ ಇಲಾಖೆಯವರು, ಅಡಿಕೆ ತೋಟದವರು ಓಡಿಸಿದ ಗಾಡಿಗಳು ಹಳತಾಗಿ ಕೈ ಬದಲಾದವು. ಡೀಸೆಲ್ ಎಂಜಿನ್ನಿನ ಎಂಎಂ 540, ಕಮಾಂಡರ್, ಮೇಜರ್‌ಗಳು ಆಮೇಲೆ ಬಂದವು. ಡೀಸೆಲ್ ಜೀಪು ಬಂದ ಮೇಲೆ ಬಾಡಿಗೆ ಗಿಟ್ಟತೊಡಗಿತು.

ಆದರೂ ಜೀಪಿಗೆ ಜನ ತುಂಬಬೇಕಲ್ಲ. ಅದನ್ನು ಮಾಡಿದ್ದು ರೈಲು. ಕೊಂಕಣ ರೈಲ್ವೆ 1998ರ ಜನವರಿಯಲ್ಲಿ ಪೂರ್ತಿಯಾಗಿ ತೆರೆದುಕೊಂಡಿತು. ಬೈಂದೂರಿನ ನಿಲ್ದಾಣಕ್ಕೆ ಮೂಕಾಂಬಿಕಾ ರೋಡ್ ಎಂಬ ಹೆಸರೇ ಬಂತು. ಅಲ್ಲಿಂದ ಕೊಲ್ಲೂರಿಗೆ ಮೂವತ್ತು ಕಿಲೋಮೀಟರೂ ಇಲ್ಲ. ಮೊದಲು ಮಂಗಳೂರಿನಲ್ಲಿ ಇಳಿದು ಬಸ್ಸು ಬದಲಿಸುತ್ತ ದಿನ ಕಳೆಯುತ್ತಿದ್ದ ಕೇರಳದ ಕುಟುಂಬ, ಈಗ ರಾತ್ರಿ ರೈಲು ಹತ್ತಿ ಬೆಳಿಗ್ಗೆ ದೇವಿಯ ಮುಂದೆ ನಿಲ್ಲುವಂತಾಯಿತು. ದರ್ಶನ ಮುಗಿದ ಮೇಲೆ ಕೈಯಲ್ಲಿ ಒಂದು ಹಗಲು ಉಳಿಯುತ್ತಿತ್ತು. ಆ ಹಗಲಿನಲ್ಲಿ ನಡೆದು ಹೋಗಿ ಬರುವುದು ವಯಸ್ಸಾದವರಿಂದ, ಮಕ್ಕಳಿಂದ ಆಗದ ಮಾತು. ಜೀಪಾದರೆ ನಾಲ್ಕೈದು ಗಂಟೆಯಲ್ಲಿ ಹೋಗಿ ಬರಬಹುದು. ಕೊಡಚಾದ್ರಿಯ ಜೀಪು ಪ್ರಯಾಣ ನಿಂತಿರುವುದು ಆ ಉಳಿದ ಹಗಲಿನ ಮೇಲೆ.

ಬೆಂಗಳೂರಿನ ಹುಡುಗರು ಬಂದದ್ದು ತೀರ ಈಚೆಗೆ. ಅವರಿಗೆ ಬೇಕಾದದ್ದು ಆಫ್‌ರೋಡ್, ಅಮ್ಮಂದಿರಿಗೆ ಬೇಕಾದದ್ದು ದೇವಿ. ಇಬ್ಬರೂ ಒಂದೇ ಜೀಪಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ಈ ಪ್ರಯಾಣದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಕಳೆದ ಸಲ ನಾನು ಹೋದಾಗ ಎದುರಿಗೆ ತ್ರಿಶೂರಿನ ಕಡೆಯ ಅಜ್ಜಿಯೊಬ್ಬರು ಇದ್ದರು. ಡಾಂಬರು ಮುಗಿಯುವಲ್ಲಿ ಡ್ರೈವರು ಗಾಡಿ ನಿಲ್ಲಿಸಿದ. ದೊಡ್ಡ ಗೇರಿನ ಪಕ್ಕದ ಸಣ್ಣ ಲಿವರನ್ನು ಅಂಗೈಯಿಂದ ತಳ್ಳಿದ. ಕೆಳಗೆಲ್ಲೋ ಕಟಕ್ ಎಂದಿತು. “ಫೋರ್‌ವೀಲ್ ಬಿತ್ತ್. ಇನ್ನ್ ಗಟ್ಟಿ ಹಿಡ್ಕಣಿ” ಎಂದ ನಮಗೆ. ಅಜ್ಜಿಯ ಕಡೆ ತಿರುಗಿ “ಅಮ್ಮೇ, ಪಿಡಿಚ್ಚೋ” ಎಂದ. ಅಜ್ಜಿ ಒಂದು ಕೈಯಲ್ಲಿ ಕಂಬಿ ಹಿಡಿದರು, ಇನ್ನೊಂದರಲ್ಲಿ ನನ್ನ ಭುಜ.

ಅಲ್ಲಿಂದ ಮುಂದಿನದನ್ನು ರಸ್ತೆ ಎನ್ನಲು ಧೈರ್ಯ ಬೇಕು. ಕೆಂಪು ಮಣ್ಣು, ಮಳೆನೀರು ಕೊರೆದ ಸೀಳು, ಸೀಳಿನ ತುಂಬ ಉಂಡೆಗಲ್ಲು. ಡ್ರೈವರು ಸೀಳಿಗೆ ಚಕ್ರ ಇಳಿಸುವುದಿಲ್ಲ. ಒಂದು ಗಾಲಿಯನ್ನು ನಡುವಿನ ದಿಬ್ಬದ ಮೇಲೂ ಇನ್ನೊಂದನ್ನು ಬರೆಯ ಅಂಚಿಗೂ ಇಟ್ಟು, ಸೀಳನ್ನು ಹೊಟ್ಟೆಯಡಿಗೆ ಬಿಟ್ಟುಕೊಂಡು ದಾಟಿಸುತ್ತಾನೆ. ಕಡಿದಾದ ತಿರುವಿನಲ್ಲಿ ಗಾಡಿ ಒಂದೇ ಸಲಕ್ಕೆ ತಿರುಗದು. ಮುಂದೆ ಹೋಗಿ, ಹಿಂದೆ ಸರಿದು, ಮತ್ತೆ ಮುಂದೆ ಹೋಗಬೇಕು. ಹಿಂದೆ ಸರಿಯುವಾಗ ಹಿಂಬದಿಯಲ್ಲಿ ಕೂತವರಿಗೆ ಕಣಿವೆಯಷ್ಟೇ ಕಾಣುತ್ತದೆ. ಇಳಿಯುವಾಗ ಬ್ರೇಕನ್ನು ನಂಬುವಂತಿಲ್ಲ, ಬಿಸಿಯಾದರೆ ಹಿಡಿಯುವುದಿಲ್ಲ. ಸಣ್ಣ ಗೇರಿಗೆ ಹಾಕಿ ಎಂಜಿನ್ನಿನಿಂದಲೇ ಗಾಡಿಯನ್ನು ಹಿಡಿದಿಡಬೇಕು. ಇದನ್ನು ಕಲಿಸುವ ಶಾಲೆ ಇಲ್ಲ. ಮಾವನ ಪಕ್ಕ, ಅಣ್ಣನ ಪಕ್ಕ ಕೂತು ಕಲಿತದ್ದು.

“ಈ ರಸ್ತಿ ಸಮ ಆರೆ ನಮ್ಮ್ ಜೀಪ್ ಯಾರಿಗ್ ಬೇಕ್ ಮರಾಯ್ರೆ?” ಎಂದ ಅವನು. ನಿಜ. ಹೊಸನಗರ ತಾಲ್ಲೂಕಿನದೇ ಹುಲಿಕಲ್ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಇಂಥ ಮಳೆಯಲ್ಲಿ ಹಾಕಿದ ಜಲ್ಲಿ ವರ್ಷದೊಳಗೆ ಕಣಿವೆ ಸೇರುತ್ತದೆ. ಮಳೆಯೇ ಈ ರಸ್ತೆಯನ್ನು ಹೀಗೆ ಉಳಿಸಿದೆ, ರಸ್ತೆ ಹೀಗಿರುವುದರಿಂದ ಜೀಪು ಉಳಿದಿದೆ.

ದಾರಿಯುದ್ದಕ್ಕೂ ಅವನು ಮಾತಾಡುತ್ತಲೇ ಇದ್ದ. ಸಿಂಗಳೀಕ ಕಾಣುವ ಮರ, ಮಂಗಟ್ಟೆ ಕೂರುವ ಕೊಂಬೆ, ಹಿಡ್ಲುಮನೆ ಅಬ್ಬಿಗೆ ತಿರುಗುವ ಕಾಲುದಾರಿ, ಕಾಡುಕೋಣ ಅಡ್ಡ ಬಂದ ತಿರುವು, ಎಲ್ಲವೂ ಅವನ ನಾಲಿಗೆಯ ಮೇಲಿತ್ತು. 1974ರಲ್ಲಿ ಮೂಕಾಂಬಿಕಾ ವನ್ಯಜೀವಿಧಾಮವೆಂದು ಘೋಷಿಸಿದ ಕಾಡು ಕೆಳಗೆ ಹಾಸಿಕೊಂಡಿದೆ.

ಮೇಲೆ ಮೂಲ ಮೂಕಾಂಬಿಕೆಯ ಗುಡಿ. ಅದರ ಮುಂದೆ ಮೂರಾಳೆತ್ತರವನ್ನೂ ಮೀರಿದ ಕಬ್ಬಿಣದ ಕಂಬ. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲ ಅದು ಎಂದು ನಂಬಿಕೆ. ಲೋಹ ವಿಜ್ಞಾನಿ ಟಿ.ಆರ್. ಅನಂತರಾಮನ್ 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಈ ಕಂಬದ ಬಗ್ಗೆ ಬರೆದರು. ಇಷ್ಟು ಮಳೆ ಸುರಿಯುವಲ್ಲಿ, ಮೈಗೆ ಬಣ್ಣವಿಲ್ಲದೆ, ಕರಗದೆ ನಿಂತ ಕಬ್ಬಿಣ ಅದು. ಅಜ್ಜಿ ಕಂಬಕ್ಕೆ ಕೈಮುಗಿದರು. ಬೆಂಗಳೂರಿನ ಹುಡುಗನೊಬ್ಬ ಹತ್ತಿರ ಹೋಗಿ ತುಕ್ಕು ಎಲ್ಲಿದೆ ಎಂದು ಹುಡುಕಿದ. ಇಬ್ಬರೂ ನೋಡಬೇಕಾದದ್ದನ್ನೇ ನೋಡಿದರು ಎನ್ನಿಸಿತು.

ಅಲ್ಲಿಂದ 1,343 ಮೀಟರ್ ಎತ್ತರದ ನೆತ್ತಿಯ ಕಡೆಗೆ ಕಾಲ್ನಡಿಗೆ. ಹುಲ್ಲುಗಾವಲಿನ ಏಣಿನ ಮೇಲೆ ಪುಟ್ಟ ಕಲ್ಲು ಮಂಟಪ, ಸರ್ವಜ್ಞ ಪೀಠ. ನಾಲ್ಕು ಜನ ಒಳಗೆ ನಿಂತರೆ ತುಂಬಿಹೋಗುವಷ್ಟು. ಮಂಜು ಸರಿದಾಗ ಪಡುವಣದಲ್ಲಿ ಕರಾವಳಿ, ಮೂಡಣದಲ್ಲಿ ಹಿನ್ನೀರು. ಡ್ರೈವರು ಕೊಡುವುದು ಒಂದೂವರೆ ಗಂಟೆ, ಅದು ಸಾಲದು. ಚಿತ್ರಮೂಲದ ಗುಹೆಗೆ ಇಳಿಯುವವರು ಮೊದಲೇ ಮಾತಾಡಿಕೊಳ್ಳಬೇಕು.

ಹೊಸನಗರದ ಕಡೆಯಿಂದ ಬರುವವರು ಇದೇ ದಿನಕ್ಕೆ ನಗರ ಎಂಬ ಊರಿನ ಕೋಟೆಯನ್ನೂ ಸೇರಿಸಿಕೊಳ್ಳುತ್ತಾರೆ. ಅದೇ ಕೆಳದಿ ಅರಸರ ಬಿದನೂರು, 1763ರಲ್ಲಿ ಹೈದರಾಲಿ ಗೆದ್ದು ಹೈದರನಗರ ಮಾಡಿದ ಊರು. ಹತ್ತಿರದ ದೇವಗಂಗೆಯ ಕೊಳಗಳೂ ಸೇರಿದರೆ ದಿನ ಭರ್ತಿ. ಕೊಲ್ಲೂರಿನಿಂದ ಹೋದವರು ಇವನ್ನು ನೋಡದೆ ಮರಳುವುದು ನಷ್ಟವೇ.

ಈಗ ಇದಕ್ಕೆಲ್ಲ ಇನ್ನೊಂದು ತಿರುವು ಬರುತ್ತಿದೆ. ಕೇಂದ್ರ ಸರ್ಕಾರ 2022–23ರ ಬಜೆಟ್‌ನಲ್ಲಿ ಹೇಳಿದ ಪರ್ವತಮಾಲಾ ಯೋಜನೆಯಡಿ ಕೊಲ್ಲೂರಿನಿಂದ ಕೊಡಚಾದ್ರಿಗೆ ರೋಪ್‌ವೇ ಹಾಕುವ ಪ್ರಸ್ತಾವವಿದೆ. ಜೀಪು ಹತ್ತಲಾಗದ ವೃದ್ಧರಿಗೆ ಅನುಕೂಲ ಎಂಬ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನನ್ನ ಭುಜ ಹಿಡಿದಿದ್ದ ಅಜ್ಜಿಯ ಕೈ ನಡುಗುತ್ತಿದ್ದುದು ನನಗೆ ಗೊತ್ತು. ಆದರೆ ಆ ಏಣು ಎಷ್ಟು ಅಗಲ ಎಂಬುದೂ ಗೊತ್ತು. ಜೀಪು ಒಂದು ಸಲಕ್ಕೆ ಎಂಟು ಜನರನ್ನು ತರುತ್ತದೆ, ಮಳೆ ಜೋರಾದರೆ ಅದೂ ನಿಲ್ಲುತ್ತದೆ. ತಂತಿಯ ಮೇಲೆ ತೊಟ್ಟಿಲು ಎಡೆಬಿಡದೆ ಬಂದರೆ ಹುಲ್ಲು ಉಳಿಯದು, ಮಂಟಪದ ಸುತ್ತ ಅಂಗಡಿ ಏಳದೆ ಇರದು. ಈಗಲೇ ಪ್ಲಾಸ್ಟಿಕ್ ಬಾಟಲಿಗಳು ಬರೆಯುದ್ದಕ್ಕೂ ಬಿದ್ದಿವೆ. ಹಾಗೆಂದು ಜೀಪು ನಿರಪರಾಧಿ ಎನ್ನುತ್ತಿಲ್ಲ. ರಜೆಯ ದಿನ ಸಾಲುಗಟ್ಟಿ ಏರುವ ಗಾಡಿಗಳ ಹೊಗೆ ಮತ್ತು ದೂಳು ದಾರಿಬದಿಯ ಎಲೆಗಳ ಮೇಲೆ ಪದರವಾಗಿ ಕೂತದ್ದನ್ನು ನೋಡಿದ್ದೇನೆ. ದಿನಕ್ಕೆ ಇಷ್ಟೇ ಜೀಪು ಎಂಬ ಮಿತಿ ಬೇಕು. ಆ ಜೀಪಿನವರಿಗೆ ಗೈಡುಗಳೆಂಬ ಮನ್ನಣೆ, ತರಬೇತಿ, ಗುರುತಿನ ಚೀಟಿ ಬೇಕು. ಕಾಡಿನ ಪ್ರತಿ ತಿರುವನ್ನೂ ಬಲ್ಲವರನ್ನು ಬರೀ ಡ್ರೈವರು ಎಂದು ಕರೆದು ಕೈತೊಳೆದುಕೊಳ್ಳುತ್ತಿರುವುದು ನಮ್ಮ ತಪ್ಪು.

ಹೋಗುವುದಾದರೆ ಮಳೆ ನಿಂತ ಮೇಲೆ ಹೋಗಿ, ಶನಿವಾರ ಭಾನುವಾರ ಬಿಟ್ಟು ಹೋಗಿ. ಸ್ವಂತ ಬೈಕು, ಕಾರು ಹತ್ತಿಸುವ ಸಾಹಸ ಬೇಡ, ಬಿದ್ದು ಕೈಕಾಲು ಮುರಿದುಕೊಂಡವರಿದ್ದಾರೆ. ಮುಂದಿನ ಸೀಟು ಸಿಕ್ಕರೆ ಫೋನು ಒಳಗಿಟ್ಟು ಡ್ರೈವರನ್ನು ಮಾತಾಡಿಸಿ. ಕೊಂಡುಹೋದ ಬಾಟಲಿಯನ್ನು ಕೆಳಗೆ ತನ್ನಿ. ಸಂಜೆ ಕೊಲ್ಲೂರಿಗೆ ಮರಳಿದ ಮೇಲೆ ಬಸ್ಸಿಗೆ ಅವಸರ ಮಾಡಬೇಡಿ. ರಾತ್ರಿ ಪೂಜೆ ಮುಗಿದ ಮೇಲೆ ದೇವಸ್ಥಾನದಲ್ಲಿ ಕಷಾಯ ಕೊಡುತ್ತಾರೆ. ಮೈಕೈ ನೋವಿಗೆ ಅದು ಒಳ್ಳೆಯದು, ಕುಡಿದು ಹೊರಡಿ.