ವೇಲ್, ಸೆರಗು, ತೆರೆ

ಚೂಡಿದಾರದ ಜೊತೆ ಹೆಗಲ ಮೇಲೆ ಹಾಕಿಕೊಳ್ಳುವ ಬಟ್ಟೆಗೆ ನಾವು ‘ವೇಲ್’ ಎನ್ನುತ್ತೇವೆ. ಇದು ಇಂಗ್ಲಿಷ್ ಪದ. ಆದರೆ ಇಂಗ್ಲಿಷಿನಲ್ಲಿ ಅದರ ಅರ್ಥ ಮುಖ ಮರೆಸುವ ತೆಳುಬಟ್ಟೆ, ಮುಸುಕು. ನಮ್ಮ ವೇಲ್ ಯಾರ ಮುಖವನ್ನೂ ಮರೆಸುವುದಿಲ್ಲವಲ್ಲ!

ಈ ಪದದ ಮೂಲ ಲ್ಯಾಟಿನ್ ಭಾಷೆಯ ‘ವೇಲಂ’. ಹಡಗಿನ ಹಾಯಿ, ಪರದೆ, ಹೊದಿಕೆ ಎಲ್ಲವೂ ಅದೇ. ರೋಮಿನ ಕೊಲೋಸಿಯಂನಲ್ಲಿ ಪ್ರೇಕ್ಷಕರಿಗೆ ನೆರಳಾಗಲೆಂದು ಮೇಲೆ ಎಳೆಯುತ್ತಿದ್ದ ಬಟ್ಟೆಗೂ ಅದೇ ಹೆಸರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಅವರ ಫ್ರೆಂಚ್ ಮೂಲಕ ಪದ ಇಂಗ್ಲಿಷಿಗೆ ಬಂತು. ಕ್ರೈಸ್ತ ಸನ್ಯಾಸಿನಿಯರ ತಲೆವಸ್ತ್ರಕ್ಕೂ, ಬರಬರುತ್ತ ಗುಟ್ಟನ್ನು ಮುಚ್ಚಿಡುವ ಯಾವುದಕ್ಕೂ ಅದು ಸಲ್ಲತೊಡಗಿತು. ‘ರಿವೀಲ್’ ಎಂದರೆ ಆ ಮುಸುಕನ್ನು ಸರಿಸುವುದು. ಕನ್ನಡಕ್ಕೆ ಬಂದಾಗ ಗುಟ್ಟೆಲ್ಲ ಉದುರಿ ಮತ್ತೆ ಬರಿಯ ಬಟ್ಟೆಯಾಯಿತು.

ತೊಡಕು ಬರುವುದು ಭಾಷಾಂತರದಲ್ಲಿ. ಇಳಕಲ್ ಸೀರೆಯನ್ನು ನೋಡಿ. ಅದರ ಒಡಲಿನ ಹಾಸುನೂಲೇ ಬೇರೆ, ಸೆರಗಿನದೇ ಬೇರೆ. ನೇಕಾರರು ಎರಡನ್ನೂ ಕುಣಿಕೆ ಹಾಕಿ ಕೂಡಿಸುತ್ತಾರೆ. ಬಾಗಲಕೋಟೆ, ಹುನಗುಂದದ ಸಂತೆಗಳಲ್ಲಿ ಆ ಕೆಂಪು ಸೆರಗನ್ನು ತಲೆಗೆ ಹೊದ್ದ ತಾಯಂದಿರು ಜೋಳದ ದರಕ್ಕೆ ಗಟ್ಟಿಯಾಗಿ ಚೌಕಾಸಿ ಮಾಡುತ್ತಾರೆ. ಮುಖ ತೆರೆದೇ ಇರುತ್ತದೆ. ತಲೆಯ ಮೇಲಿನ ಸೆರಗು ಹಿರಿಯರೆದುರು ಮರ್ಯಾದೆಗೆ, ಹೊಲದಲ್ಲಿ ಬಿಸಿಲಿಗೆ. ಇಂಗ್ಲಿಷ್ ಪ್ರಬಂಧದಲ್ಲಿ ಇದನ್ನು ‘ವೇಲ್’ ಎಂದು ಬರೆದರೆ, ಇಳಕಲ್ಲನ್ನು ಕಾಣದ ಓದುಗನ ಕಣ್ಣಿಗೆ ಆ ತಾಯಿ ಮುಖ ಮುಚ್ಚಿಕೊಂಡವಳಾಗುತ್ತಾಳೆ. ‘ಸೆರಗು’ ಎಂದೇ ಬರೆದು ಒಂದು ಸಾಲಿನಲ್ಲಿ ವಿವರಿಸುವುದು ಮೇಲು.

ಅಡಗಿಸುವ ಪದಗಳ ತಮಾಷೆ ಕನ್ನಡದಲ್ಲೂ ಇದೆ. ‘ಪರದೆ’ ಪಾರಸಿಯಿಂದ ಬಂದದ್ದು. ಅಚ್ಚಗನ್ನಡದ ‘ತೆರೆ’ಯದು ಇನ್ನೂ ವಿಚಿತ್ರ: ಮುಚ್ಚುವ ಪರದೆಗೂ ತೆರೆ, ಬಾಗಿಲು ತೆಗೆ ಎನ್ನುವುದಕ್ಕೂ ತೆರೆ! ನಿಜಕ್ಕೂ ಇವು ಎರಡು ಬೇರೆ ಪದಗಳು. ಹಳಗನ್ನಡದಲ್ಲಿ ಎರಡನೆಯದನ್ನು ಶಕಟರೇಫ ಬಳಸಿ ‘ತೆಱೆ’ ಎಂದು ಬರೆಯುತ್ತಿದ್ದರು. ಆ ಅಕ್ಷರವನ್ನು ಕಣ್ಣಾರೆ ಕಾಣುವ ಆಸೆಯಿದ್ದರೆ ಬಾದಾಮಿಗೆ ಹೋದಾಗ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದಲ್ಲಿ ಹುಡುಕಿ. ಅದು ಸುಮಾರು ಕ್ರಿ.ಶ. 700ರ ಬರಹ. ಅಕ್ಷರ ಬಳಕೆ ತಪ್ಪಿದ ಮೇಲೆ ಎರಡು ಪದಗಳಿಗೂ ಒಂದೇ ವೇಷವಾಯಿತು.

ಅಂದಹಾಗೆ, ದೂರದರ್ಶನವನ್ನು ‘ಕಿರುತೆರೆ’ ಎನ್ನುವಾಗ ನಾವು ಬಳಸುವುದು ಮೊದಲನೆಯ ತೆರೆಯನ್ನು. ನಾಟಕದ ಅಂಕ ಮುಗಿದಾಗ ಬೀಳುತ್ತದಲ್ಲ, ಅದನ್ನು.