ಕಿವುಡು ಕಿವಿಯೊಳಗಿನ ಮೊರೆತ

ಕಿವುಡರ ಲೋಕವು ನಿಶ್ಶಬ್ದವಾದುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅವರಲ್ಲಿ ಅನೇಕರ ವಿಷಯದಲ್ಲಿ ಇದು ನಿಜವಲ್ಲ. ಭಟ್ಕಳ, ಹೊನ್ನಾವರ, ಕುಮಟೆಗಳ ಕರಾವಳಿಯಲ್ಲಿ ಬೆಳೆದವರಿಗೆ ಆಷಾಢದ ಕಡಲಿನ ಮೊರೆತದ ಪರಿಚಯವುಂಟು. ಬಾಗಿಲು ಹಾಕಿಕೊಂಡರೂ ಅದು ನಿಲ್ಲದು. ಆದರೆ ಘಟ್ಟ ಹತ್ತಿದವರಿಗೆ ಅದು ಕೇಳಿಸದು. ಹೊರಗಿನ ಒಂದು ಮಾತನ್ನೂ ಕೇಳಲಾರದ ಮನುಷ್ಯನ ತಲೆಯೊಳಗೇ ಇಂತಹ ಮೊರೆತವು ಹಗಲಿರುಳೂ ಎದ್ದಿದ್ದರೆ ಅವನು ಯಾವ ಘಟ್ಟವನ್ನು ಹತ್ತಬೇಕು?

ಇದಕ್ಕೆ ಕರ್ಣನಾದವೆಂದು ಹೆಸರು. ಸುಶ್ರುತ ಸಂಹಿತೆಯು ಇದನ್ನು ಕಿವಿಯ ರೋಗಗಳಲ್ಲಿ ಎಣಿಸಿದೆ; ಇಂದಿನ ವೈದ್ಯರು ಟಿನ್ನಿಟಸ್ ಎನ್ನುತ್ತಾರೆ. ಒಬ್ಬರಿಗೆ ಶಿಳ್ಳೆಯಂತೆ, ಇನ್ನೊಬ್ಬರಿಗೆ ಜೀರುಂಡೆಯಂತೆ ಕೇಳಿಸೀತು. ಕಿವುಡನಾಗುತ್ತಿದ್ದ ಸಂಗೀತಗಾರ ಬೀಥೋವನ್ 1801ರಲ್ಲಿ ಸ್ನೇಹಿತನೊಬ್ಬನಿಗೆ ಈ ಬಾಧೆಯನ್ನು ಕುರಿತು ಬರೆದಿದ್ದನು. ಹುಚ್ಚು ಹಿಡಿಯುತ್ತಿದೆಯೆಂದು ಹೆದರಿ ಮನೆಯವರಿಗೂ ಹೇಳದೆ ನವೆಯುವವರುಂಟು. ಈ ಹೆದರಿಕೆಗೆ ಆಧಾರವಿಲ್ಲ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡ ಕಾಕ್ಲಿಯ ಎಂಬ ನಾಳವಿದೆ. ಅದನ್ನು ಬಿಚ್ಚಿ ಚಾಚಿದರೆ ಉದ್ದವು ಸುಮಾರು 35 ಮಿಲಿಮೀಟರು. ಶಬ್ದದ ಕಂಪನವನ್ನು ವಿದ್ಯುತ್ಸಂಕೇತವನ್ನಾಗಿ ಮಾರ್ಪಡಿಸಿ ಶ್ರವಣನರಕ್ಕೆ ಒಪ್ಪಿಸುವುದು ಅದರೊಳಗಿನ ರೋಮಕೋಶಗಳ ಕೆಲಸ. ದೋಣಿಯ ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿ ವರ್ಷಗಟ್ಟಲೆ ದುಡಿದರೆ ಇವು ಸಾಯಬಹುದು. ಕೆಲವು ಔಷಧಿಗಳಿಂದಲೂ ಸಾಯಬಹುದು. ಸತ್ತ ಕೋಶವು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಸಂಕೇತಗಳು ನಿಂತಾಗ ಮಿದುಳು ಸುಮ್ಮನಿರುವುದಿಲ್ಲ. ರೇಡಿಯೋದಲ್ಲಿ ದೂರದ ನಿಲಯವು ಸಿಕ್ಕದಿದ್ದಾಗ ನಾವು ಗುಂಡಿಯನ್ನು ತಿರುಗಿಸಿ ಧ್ವನಿಯನ್ನು ಏರಿಸುತ್ತೇವೆ. ಹಾಡು ಬರುವುದಿಲ್ಲ, ಕರಕರ ಸದ್ದು ಮಾತ್ರ ಹೆಚ್ಚುತ್ತದೆ. ಮಿದುಳೂ ಹೀಗೆಯೇ ತನ್ನ ಗ್ರಹಣಶಕ್ತಿಯನ್ನು ಏರಿಸಿಕೊಂಡು ತನ್ನದೇ ನರಗಳ ಗದ್ದಲವನ್ನು ಶಬ್ದವೆಂದು ಗ್ರಹಿಸುತ್ತದೆ. ಕಿವಿ ಚೆನ್ನಾಗಿದ್ದವರಲ್ಲಿಯೂ ಇದರ ಸುಳಿವು ದೊರೆಯುತ್ತದೆ. 1953ರಲ್ಲಿ ಹೆಲರ್ ಮತ್ತು ಬರ್ಗ್‌ಮನ್ ಎಂಬುವರು ಅಂತಹ 80 ಮಂದಿಯನ್ನು ಶಬ್ದವಿಲ್ಲದ ಕೋಣೆಯಲ್ಲಿ ಕೂರಿಸಿದಾಗ ನೂರಕ್ಕೆ 94 ಮಂದಿಗೆ ಏನೋ ಒಂದು ಸದ್ದು ಕೇಳಿಸಿತು. ಶ್ರವಣನರವನ್ನು ಕತ್ತರಿಸಿದ ಮೇಲೆಯೂ ಕರ್ಣನಾದವು ಉಳಿದ ಉದಾಹರಣೆಗಳಿವೆ. ಮೊರೆತದ ನೆಲೆಯು ಕಿವಿಯಲ್ಲಿಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕೆ?

ಹಾಗಾದರೆ ಸಂಕೇತವನ್ನು ಮರಳಿ ಕೊಟ್ಟರೆ? ಕಿವಿಗೆ ವಿದ್ಯುತ್ತನ್ನು ಕೊಟ್ಟು ನೋಡಿದವರಲ್ಲಿ ವೋಲ್ಟನೇ ಮೊದಲಿಗರ ಸಾಲಿನವನು. ಆತನು ತನ್ನ ವಿದ್ಯುತ್ಕೋಶದ ತಂತಿಗಳನ್ನು ಎರಡೂ ಕಿವಿಗಳಿಗೆ ತೂರಿಸಿಕೊಂಡು, ಗಟ್ಟಿ ಅಂಬಲಿ ಕೊತಕೊತನೆ ಕುದಿಯುವಂತಹ ಸದ್ದನ್ನು ಕೇಳಿದುದಾಗಿ 1800ರಲ್ಲಿ ವರದಿ ಮಾಡಿದನು. (ವಿದ್ಯಾರ್ಥಿಗಳು ಇದನ್ನು ಅನುಕರಿಸಬಾರದು.) 1957ರಲ್ಲಿ ಪ್ಯಾರಿಸಿನಲ್ಲಿ ಜೂರ್ನೋ ಮತ್ತು ಏರಿಯೆಸ್ ಎಂಬುವರು ಕಿವುಡನೊಬ್ಬನ ಶ್ರವಣನರಕ್ಕೆ ವಿದ್ಯುತ್ತನ್ನು ಹಾಯಿಸಿ ಶಬ್ದದ ಅರಿವನ್ನು ಮೂಡಿಸಿದರು. ಇಂದಿನ ಕಾಕ್ಲಿಯರ್ ಇಂಪ್ಲಾಂಟಿನಲ್ಲಿ ಕಿವಿಯ ಹಿಂದಿನ ಮೈಕ್ರೊಫೋನು ಹಿಡಿದ ಶಬ್ದವು ಸಂಕೇತವಾಗಿ ಚರ್ಮದಡಿಯ ಗ್ರಾಹಕಕ್ಕೆ ಸಾಗಿ, ಅಲ್ಲಿಂದ ಕಾಕ್ಲಿಯದೊಳಗಿನ 12ರಿಂದ 22 ವಿದ್ಯುದ್ವಾರಗಳಿಗೆ ಹಂಚಿಹೋಗುತ್ತದೆ. ಮಿದುಳಿಗೆ ಸುದ್ದಿಯನ್ನು ಮುಟ್ಟಿಸುತ್ತಿದ್ದ ಸುಮಾರು 3,500 ಒಳಸಾಲಿನ ರೋಮಕೋಶಗಳ ಕೆಲಸವನ್ನು ಇಷ್ಟರಿಂದಲೇ ನಡೆಸಬೇಕು!

ಈ ಉಪಕರಣವನ್ನು ಕೇಳುವುದಕ್ಕಾಗಿ ಮಾಡಿದರು. ಮೊರೆತವು ತಗ್ಗಿದುದು ಅನಿರೀಕ್ಷಿತ ಲಾಭ. ಕರ್ಣನಾದವಿದ್ದು ಇದನ್ನು ಹಾಕಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಮೊರೆತವು ಕಡಿಮೆಯಾಗಿದೆ, ಕೆಲವರಿಗೆ ಪೂರ್ಣವಾಗಿ ಅಡಗಿದೆ. ಒಂದೇ ಕಿವಿ ಕಿವುಡಾಗಿ ಅಸಹ್ಯ ಮೊರೆತದಿಂದ ಬಳಲುತ್ತಿದ್ದವರಿಗೆ ಅದನ್ನು ತಗ್ಗಿಸಲೆಂದೇ ಬೆಲ್ಜಿಯಮ್ಮಿನ ಆಂಟ್‌ವರ್ಪ್‌ನಲ್ಲಿ ಇದನ್ನು ಅಳವಡಿಸಿ ಒಳ್ಳೆಯ ಫಲವನ್ನು 2008ರಲ್ಲಿ ಪ್ರಕಟಿಸಿದರು. ಆದರೆ ಎಲ್ಲರಿಗೂ ಹೀಗಾಗುವುದಿಲ್ಲ. ಸ್ವಲ್ಪ ಮಂದಿಗೆ ಶಸ್ತ್ರಚಿಕಿತ್ಸೆಯ ನಂತರ ಮೊರೆತವು ಹೆಚ್ಚಿದೆ. ಮೊದಲಿಲ್ಲದವರಲ್ಲಿ ಹೊಸದಾಗಿ ಹುಟ್ಟಿದುದೂ ಉಂಟು. ಲಕ್ಷಾಂತರ ರೂಪಾಯಿ ತಗಲುವ ಚಿಕಿತ್ಸೆಗೆ ಒಪ್ಪುವವನಿಗೆ ಈ ಎರಡನೆಯ ಮಾತನ್ನೂ ಮೊದಲೇ ಹೇಳುವುದು ನ್ಯಾಯವೆಂದು ನಮ್ಮ ಮತ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಕಿವಿಯ ಪರೀಕ್ಷೆಗೆ ಹೋಗುವವರು ಎಷ್ಟು ಕೇಳಿಸುತ್ತದೆಂಬುದರ ಜೊತೆಗೆ, ಏನೂ ಕೇಳಿಸದಾಗ ಏನು ಕೇಳಿಸುತ್ತದೆಂಬುದನ್ನೂ ತಿಳಿಸಬೇಕು.

ಇನ್ನೊಂದು ತೊಡಕು ರಾತ್ರಿಯದು. ಮಲಗುವಾಗ ಹೊರಗಿನ ಭಾಗವನ್ನು ತೆಗೆದಿಡುವುದು ವಾಡಿಕೆ. ಆಗ ಸಂಕೇತವು ನಿಲ್ಲುತ್ತದೆ, ಅನೇಕರಿಗೆ ಮೊರೆತವು ಮರಳುತ್ತದೆ. ಬೆಳಿಗ್ಗೆ ಮತ್ತೆ ಧರಿಸಿದೊಡನೆ ಕೆಲವರಿಗೆ ನಿಮಿಷಗಳಲ್ಲಿಯೇ ಅಡಗುತ್ತದೆ, ಕೆಲವರು ಇನ್ನೂ ಹೊತ್ತು ಕಾಯಬೇಕಾಗುತ್ತದೆ.