ಸ್ಕ್ಯಾನಿಂಗ್ ಮಾಡಿಸಿದರೆ ಮಗುವಿನ ಡಿಎನ್‌ಎ ಬಿಚ್ಚಿಕೊಳ್ಳುತ್ತದೆಯೇ?

ಕಿಬ್ಬನಹಳ್ಳಿಯ ನಮ್ಮ ಸೋದರತ್ತೆ ಕಳೆದ ವಾರ ಒಂದು ವಿಡಿಯೋ ಫಾರ್ವರ್ಡ್ ಮಾಡಿದರು. ಬಣ್ಣದ ಗುಂಡುಗಳ ಡಿಎನ್‌ಎ ಒಂದು ತುದಿಯಿಂದ ಜಿಪ್‌ನಂತೆ ಬಿಚ್ಚಿಕೊಳ್ಳುತ್ತದೆ. ಕೆಳಗೆ, ‘ಸ್ಕ್ಯಾನಿಂಗ್ ಮಾಡಿಸಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಹೀಗಾಗುತ್ತದೆ’ ಎಂಬ ಬರಹ. ಅವರ ಸೊಸೆಗೆ ಈಗ ಐದನೇ ತಿಂಗಳು. ಡಾಕ್ಟರು ಬರೆದುಕೊಟ್ಟ ಸ್ಕ್ಯಾನಿಂಗ್‌ಗೆ ತಿಪಟೂರಿಗೆ ಹೋಗೋದೋ ಬೇಡವೋ ಅಂತ ಮನೆಯಲ್ಲಿ ಚರ್ಚೆ.

ಅದು ಕ್ಯಾಮೆರಾದಲ್ಲಿ ತೆಗೆದದ್ದಲ್ಲ, ಕಂಪ್ಯೂಟರ್ ಸಿಮ್ಯುಲೇಷನ್. ಪ್ರತಿ ಪರಮಾಣು ಎಲ್ಲಿದೆ, ಯಾವುದು ಯಾವುದನ್ನು ಎಷ್ಟು ಎಳೆಯುತ್ತದೆ ಎಂದು ಲೆಕ್ಕ ಹಾಕಿ, ಎಲ್ಲವನ್ನೂ ಚೂರೇ ಚೂರು ಸರಿಸಿ, ಮತ್ತೆ ಲೆಕ್ಕ. ಹೀಗೆ ಲಕ್ಷಾಂತರ ಸಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಸಂತೋಷ್ ಮತ್ತು ಪ್ರಬಲ್ ಮೈತಿ ಡಿಎನ್‌ಎಯನ್ನು ಕಂಪ್ಯೂಟರಿನಲ್ಲಿ ಹೀಗೆ ಎಳೆದು ನೋಡಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದ್ದರು.

ಎರಡೆಳೆಯ ತೆಂಗಿನ ನಾರಿನ ಹಗ್ಗ ತಗೊಳ್ಳಿ. ಆ ತುದಿ ಈ ತುದಿ ಹಿಡಿದು ಜಗ್ಗಿದರೆ ಸುಲಭಕ್ಕೆ ಬಗ್ಗದು. ಒಂದೇ ತುದಿಯಲ್ಲಿ ಎರಡೂ ಎಳೆ ಹಿಡಿದು ಅತ್ತಿತ್ತ ಎಳೆದರೆ ಒಂದೊಂದೇ ಹುರಿ ಬಿಚ್ಚುತ್ತದೆ. ಡಿಎನ್‌ಎಯೂ ಹಾಗೇ. 1997ರಲ್ಲಿ ಫ್ರಾನ್ಸ್‌ನ ವಿಜ್ಞಾನಿಗಳು ಒಂದೇ ಡಿಎನ್‌ಎ ಅಣುವಿನ ಎಳೆಗಳನ್ನು ಹೀಗೆ ಬಿಡಿಸಿದಾಗ ಬೇಕಾದದ್ದು 10ರಿಂದ 15 ಪಿಕೋನ್ಯೂಟನ್ ಬಲ. ಅರ್ಧ ಕೆಜಿ ತೆಂಗಿನಕಾಯಿಯ ಭಾರವನ್ನು ಸುಮಾರು 40,000 ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು! ಉದ್ದಕ್ಕೆ ಜಗ್ಗಿದರೆ ಸುಮಾರು 65 ಪಿಕೋನ್ಯೂಟನ್‌ವರೆಗೆ ತಡೆಯುತ್ತದೆ.

‘ಇಷ್ಟು ಸಣ್ಣ ಬಲ ಸಾಕಾದರೆ ಸ್ಕ್ಯಾನಿಂಗ್ ಬಿಡುತ್ತದಾ?’ ಅಂತ ಅತ್ತೆ ಕೇಳಿದರು. ಒಳ್ಳೆಯ ಪ್ರಶ್ನೆಯೇ. ಬಲಕ್ಕಿಂತ ಹಿಡಿತ ಮುಖ್ಯ: ಎರಡು ಎಳೆಗಳನ್ನೂ ಹಿಡಿದು ವಿರುದ್ಧ ದಿಕ್ಕಿಗೆ ಎಳೆಯಬೇಕು. ಸ್ಕ್ಯಾನಿಂಗ್‌ನಲ್ಲಿರುವುದು ಕಿವಿಗೆ ಕೇಳದ ಶಬ್ದ. ಅದರ ಒಂದು ಅಲೆಯ ಉದ್ದ ಸುಮಾರು ಅರ್ಧ ಮಿಲಿಮೀಟರ್, ಡಿಎನ್‌ಎ ದಪ್ಪಕ್ಕಿಂತ ಎರಡು ಲಕ್ಷ ಪಟ್ಟು. ಕೆರೆಯಲ್ಲಿ ತೇಲುವ ಹಗ್ಗ ಅಲೆ ಬಂದಾಗ ಇಡಿಯಾಗಿ ಏಳುತ್ತದೆ, ಇಡಿಯಾಗಿ ಇಳಿಯುತ್ತದೆ, ಹುರಿ ಬಿಚ್ಚುವುದಿಲ್ಲ. ಲ್ಯಾಬಿನಲ್ಲಿ ಡಿಎನ್‌ಎ ತುಂಡರಿಸಲು ಅಲ್ಟ್ರಾಸೌಂಡ್ ಬಳಸುವುದುಂಟು, ನಿಜ. ಅಲ್ಲಿ ದ್ರವದಲ್ಲಿ ಗುಳ್ಳೆ ಎದ್ದು ಒಡೆಯುವಷ್ಟು ತೀವ್ರತೆ ಇರುತ್ತದೆ. ಗರ್ಭಿಣಿಯರ ಸ್ಕ್ಯಾನಿಂಗ್ ಹಾಗೆ ನಡೆಯುವುದಿಲ್ಲ.

ಇನ್ನೊಂದು ವಿಷಯ: ಡಿಎನ್‌ಎ ಬಿಚ್ಚುವುದೇ ಅಪಾಯವಲ್ಲ. ಜೀವಕೋಶ ಎರಡಾಗುವ ಮುನ್ನ ಹೆಲಿಕೇಸ್ ಎಂಬ ಕಿಣ್ವ ಅದನ್ನು ಬಿಚ್ಚಲೇಬೇಕು. ಹಾಗಾಗದಿದ್ದರೆ ಮಗು ಬೆಳೆಯುವುದೇ ಇಲ್ಲ.

24 ವಾರದೊಳಗೆ ಒಂದು ಸ್ಕ್ಯಾನಿಂಗ್ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದನೇ ತಿಂಗಳಲ್ಲಿ ಮಗುವಿನ ಹೃದಯ, ಬೆನ್ನುಹುರಿ ನೋಡಬಹುದು. ಅತ್ತೆ ಸೊಸೆ ಸೋಮವಾರ ತಿಪಟೂರಿಗೆ ಹೊರಟಿದ್ದಾರೆ. ಫ್ಯಾಮಿಲಿ ಗ್ರೂಪಿನಲ್ಲಿ ಆ ವಿಡಿಯೋ ಇನ್ನೂ ಇದೆ, ಅದರ ಕೆಳಗೇ ಇದನ್ನು ಹಾಕುತ್ತೇನೆ.